ಪ್ರಾಂಪ್ಟರ್ ರಮಾಮಣಿ ರಂಗಕ್ಕೆ ಬಂದ ದಿನ

ರಮಾಮಣಿಗೆ ಲಿಫ್ಟ್ ಅಂದರೆ ಭಯ, ರಸ್ತೆ ದಾಟುವುದೆಂದರೆ ಭಯ, ನಾಲ್ಕು ಜನರ ಮುಂದೆ ನಿಂತು ಮಾತಾಡುವುದೆಂದರೆ ಎಲ್ಲಕ್ಕಿಂತ ಹೆಚ್ಚು ಭಯ. ಗಂಡ ಬಾಲಚಂದ್ರನಿಗೆ ವಿಮಾ ಕಚೇರಿಯಲ್ಲಿ ಅಹಮದಾಬಾದಿಗೆ ವರ್ಗವಾಗಿ, ಮೈಸೂರಿನಿಂದ ಬಂದು ಸ್ಯಾಟಲೈಟ್ ಬಡಾವಣೆಯ ಫ್ಲಾಟೊಂದರಲ್ಲಿ ಸಂಸಾರ ಹೂಡಿದ ಮೇಲೂ ಆ ಪುಕ್ಕಲುತನ ಬಿಡಲಿಲ್ಲ. ಅದಕ್ಕೇ ಕನ್ನಡ ಸಂಘದವರು ನಾಟಕಕ್ಕೆ ಕರೆದಾಗ ಅವಳು ಪ್ರಾಂಪ್ಟರ್ ಕೆಲಸ ಕೇಳಿಕೊಂಡಳು. ಸೈಡ್‌ವಿಂಗಿನ ಕತ್ತಲಲ್ಲಿ ಕೂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಟ್ಟರಾಯಿತು; ಯಾರ ಕಣ್ಣಿಗೂ ಬೀಳಬೇಕಿಲ್ಲ.

ಆ ವರ್ಷದ ನಾಟಕದಲ್ಲಿ ಮುದಿ ನ್ಯಾಯಾಧೀಶನ ಪಾತ್ರ ವಾಸುದೇವರಾಯರದು. ಕುಂದಾಪುರದ ಕಡೆಯವರು, ಮಣಿನಗರ ಸ್ಟೇಷನ್ನಿನ ಹತ್ತಿರ ಹೋಟೆಲು. ನಾಟಕದ ದಿನ ಬೆಳಗಿನಿಂದ ತಲೆನೋವು ಅನ್ನುತ್ತಿದ್ದರು.

"ಸ್ವಲ್ಪ ಹೊತ್ತು ಮಲಗಿ, ರಾಯರೇ" ಎಂದಳು ರಮಾಮಣಿ.

"ಬಣ್ಣ ಹಚ್ಚಿದ ಮೇಲೆ ಮಲಗ್ಲಿಕ್ಕೆ ಉಂಟಾ ಅಮ್ಮ?" ಎಂದು ನಕ್ಕು ಹೋದರು.

ಕೊನೆಯ ದೃಶ್ಯದಲ್ಲಿ ನ್ಯಾಯಾಧೀಶ ತನ್ನ ಮಗನಿಗೇ ಶಿಕ್ಷೆ ವಿಧಿಸಬೇಕು. ಮಗನ ವೇಷದ ಆದರ್ಶ ತಲೆತಗ್ಗಿಸಿ ನಿಂತಿದ್ದ. ರಾಯರು ಬಾಯಿ ತೆರೆದರು.

"ದೀಪ ಎಂತಕ್ಕೆ ಆರಿಸಿದ್ದು?"

ಅಂಥ ಮಾತು ನಾಟಕದಲ್ಲೇ ಇರಲಿಲ್ಲ. ಮರೆತಿರಬೇಕೆಂದು ರಮಾಮಣಿ ಮುಂದಿನ ಸಾಲು ಪಿಸುಗುಟ್ಟಿದಳು. ರಾಯರು ಇವಳತ್ತ ತಿರುಗಿದರು, ಆದರೆ ನೋಟ ಎಲ್ಲೋ ಇತ್ತು. "ದೀಪ ಎಂತಕ್ಕೆ ಆರಿಸಿದ್ದು? ಅಬ್ಬೆ ಎಲ್ಲಿ?" ತಲೆಯ ಮೇಲೆ ಇದ್ದಬದ್ದ ದೀಪಗಳೆಲ್ಲ ಉರಿಯುತ್ತಿದ್ದವು. ಅವರ ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಕುರ್ಚಿಯಿಂದ ಜಾರಿ ಸುಮ್ಮನೆ ತೂಗುತ್ತಿತ್ತು.

ಸಭೆ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಇದು ನಟನೆಯಲ್ಲವೆಂದು ಹೊಳೆದು ರಮಾಮಣಿ ಧಡಕ್ಕನೆ ಎದ್ದಳು.

"ಪರದೆ ಎಳೀರಿ ಹರೀಶ್!"

ಪರದೆಯ ಹಗ್ಗ ಹಿಡಿದಿದ್ದ ಹರೀಶ್ ಕಣ್ಣು ಕೀಳಲೇ ಇಲ್ಲ. "ಈಗ ಎಳೆದ್ರೆ ಜನ ಬೈತಾರೆ ಅಕ್ಕ. ನೋಡಿ, ಎಂಥ ಆಕ್ಟಿಂಗು!"

ರಾಯರು ಮುಂದಕ್ಕೆ ಬಾಗತೊಡಗಿದರು. ಮತ್ತೆ ಯಾರನ್ನು ಕೇಳುವುದು? ರಮಾಮಣಿ ಬೆಳಕಿನೊಳಕ್ಕೆ ಓಡಿ, ಅವರು ನೆಲಕ್ಕೆ ಬೀಳದಂತೆ ತಬ್ಬಿ ಹಿಡಿದಳು. ಆ ಭಾರಕ್ಕೆ ಅವಳೂ ಮಂಡಿಯೂರಿದಳು.

"ಇದು ನಾಟಕ ಅಲ್ಲ! ಯಾರಾದ್ರೂ ಬನ್ನಿ, ಆಸ್ಪತ್ರೆಗೆ ಸೇರಿಸ್ಬೇಕು!"

ಸಭೆ ಚಪ್ಪಾಳೆ ತಟ್ಟಿತು.

ಅಷ್ಟು ಜನರ ಎದುರು ಕೂಗಿಕೊಂಡರೂ ಯಾರೂ ನಂಬದಿದ್ದಾಗ ಆದ ಭಯವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಕನ್ನಡದಲ್ಲಿ ಏನು ಹೇಳಿದರೂ ಅದು ನಾಟಕದ ಮಾತೇ ಆಗುತ್ತಿತ್ತು. ಬಾಗಿಲ ಬಳಿ ಸಭಾಂಗಣದ ಗುಜರಾತಿ ಕಾವಲುಗಾರ ನಿಂತಿದ್ದ. ಫ್ಲಾಟಿನ ಕೆಳಗೆ ಬರುವ ತರಕಾರಿ ಗಾಡಿಯವರಿಂದ ಕಲಿತ ಹರಕು ಗುಜರಾತಿಯಲ್ಲಿ ಅವಳು ಕಿರುಚಿದಳು: "ಭಾಈ! ಆ ನಾಟಕ ನಥೀ! ಗಾಡೀ ಲಾವೋ, ಜಲ್ದೀ!" ಇದು ನಾಟಕವಲ್ಲ, ಬೇಗ ಗಾಡಿ ತನ್ನಿ ಎಂದು.

ಕಾವಲುಗಾರ ಹೊರಗೆ ಓಡಿದ. ಚಪ್ಪಾಳೆ ಅಲ್ಲಲ್ಲೇ ಸತ್ತುಹೋಯಿತು. ಆದರ್ಶ "ರಾಯರೇ!" ಎಂದು ಚೀರಿದಾಗ ಜನ ಎದ್ದರು.

ಬಣ್ಣದ ಮುಖದಲ್ಲೇ ರಾಯರನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋದರು. ದಾರಿಯುದ್ದಕ್ಕೂ ರಮಾಮಣಿ ಅವರ ಎಡಗೈ ಹಿಡಿದಿದ್ದಳು. ಅದು ಸಡಿಲವಾದಾಗಲೆಲ್ಲ ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಬೇಗ ಕರೆತಂದದ್ದು ಒಳ್ಳೆಯದಾಯಿತು, ಎಂದರು ಡಾಕ್ಟರು.

ರಾಯರು ಉಳಿದರು. ಮಾತು ನಿಧಾನವಾಗಿ ಮರಳಿತು, ಬಲಗೈ ಪೂರ್ತಿ ಮರಳಲಿಲ್ಲ. ಮಗಳು ರಶ್ಮಿ ಹೋಟೆಲು ನೋಡಿಕೊಳ್ಳುತ್ತಾಳೆ.

ಮುಂದಿನ ವರ್ಷ ಪ್ರಾಂಪ್ಟಿಂಗ್‌ಗೆ ಕರೆದಾಗ ರಮಾಮಣಿ ಒಪ್ಪಲಿಲ್ಲ. ನಾಟಕ ನೋಡಲೆಂದು ಹೋದಳು. ನಡುವೆ ನಟನೊಬ್ಬ ಮಾತಿಲ್ಲದೆ ನಿಂತುಬಿಟ್ಟ. ಕೂರಲಾಗದೆ ಅವಳು ಹೊರಗೆ ಬಂದುಬಿಟ್ಟಳು. ಸಭೆಯಲ್ಲಿದ್ದ ರಾಯರೂ ಬಲಗಾಲು ಎಳೆದುಕೊಂಡು ಹಿಂದೆಯೇ ಬಂದರು.

"ಹೆದರಿಕೆ ಆಯ್ತಾ... ಅಮ್ಮ?"

"ಆಯ್ತು ರಾಯರೇ. ಈಗಲೂ ಆಗ್ತಿದೆ."

"ನಂಗೂ" ಎಂದರು ಅವರು. ಒಳಗಿನಿಂದ ನಟನ ಮಾತು ಕೇಳಿಬರುವವರೆಗೂ ಇಬ್ಬರೂ ಬಾಗಿಲ ಕಡೆಗೇ ಕಿವಿಗೊಟ್ಟು ನಿಂತಿದ್ದರು.