ಮೇಣದುಂಡೆ

ನಮ್ಮೂರು ತೇವಾರದಲ್ಲಿ ಹಳೆಯ ನಾಣ್ಯ ಪರೀಕ್ಷಿಸುತ್ತಿದ್ದವನದು ಯಾವಾಗಲೂ ಒಂದೇ ಮಾತು: "ನನ್ನ ಕಲ್ಲು ಸುಳ್ಳು ಹೇಳಾದಿಲ್ಲ, ಆತ್ತಾ." ಬಂದ ಹೆಂಗಸರನ್ನೆಲ್ಲ ತಾಯಿ ಎಂದು ಕರೆದು ಹಾಗೆನ್ನುವಾಗ ದೇವರೇ ತನ್ನೊಳಗಿಂದ ಮಾತಾಡಿದಂತೆ ಕಣ್ಣು ಮುಚ್ಚುತ್ತಿದ್ದ. ಒರೆಗಲ್ಲಿಗಂಟಿದ ಚಿನ್ನದ ಪುಡಿಯನ್ನು ಮೇಣದುಂಡೆಯಿಂದ ಒತ್ತಿ ತೆಗೆದು ತಾನೇ ಇಟ್ಟುಕೊಳ್ಳುತ್ತಿದ್ದ.

ನಾನು ಮದರಾಸಿನ ಕಾಲೇಜಿನಿಂದ ರಜೆಗೆ ಬಂದಿದ್ದಾಗ, ತಂಗಿಯ ತಾಳಿಗೆಂದು ಅಜ್ಜಿ ತನ್ನ ತಾಯಿಯ ವರಹಗಳನ್ನು ಅವನಿಗೆ ತೋರಿಸಿದಳು. ಒಂದನ್ನು ಉಜ್ಜಿ, "ಬರೀ ಪಿತ್ತಾಳೆ ಆತ್ತಾ, ಪಾತ್ರೆ ಬೆಲೆಗೆ ತಕ್ಕೊಂತೀನಿ" ಎಂದ. ಹೇಳುತ್ತಲೇ ಅವನ ಕೈ ಅಭ್ಯಾಸದಂತೆ ಮೇಣವನ್ನು ಕಲ್ಲಿಗೆ ಒತ್ತಿತು. ಅದನ್ನು ನಾನೇ ಕಂಡೆನೋ, ಅಜ್ಜಿ ಹೇಳಿ ಹೇಳಿ ಕಂಡಂತಾಯಿತೋ, ಖಾತ್ರಿಯಿಲ್ಲ.

"ಪಿತ್ತಾಳೆ ಪುಡೀಗೂ ಮೇಣ ಒತ್ತುತೀಯೇನಪ್ಪಾ?" ಎಂದಳು ಅಜ್ಜಿ, ವರಹಗಳನ್ನು ಸೆರಗಿಗೆ ಕಟ್ಟಿಕೊಳ್ಳುತ್ತ. "ನಿನ್ನ ಕಲ್ಲೂ ಸುಳ್ಳು ಹೇಳಾದಿಲ್ಲ, ಕೈಯೂ ಹೇಳಾದಿಲ್ಲ. ಬಾಯಿ ಒಂದೇ ಕಳ್ಳ."

ಅವನು ಕಣ್ಣು ಮುಚ್ಚಿದ. ಆ ದಿನ ದೇವರು ಮಾತಾಡಲಿಲ್ಲ.