ಇಂಟರ್ವಲ್ ಇಲ್ಲದ ಥಿಯೇಟರ್‌ನಲ್ಲಿ

ಮೆಲ್ಬರ್ನ್‌ನಲ್ಲಿ, ಬಾಕ್ಸ್ ಹಿಲ್‌ನಿಂದ ಸ್ವಲ್ಪವೇ ಆಚೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪುಟ್ಟ ಥಿಯೇಟರ್ ಇದೆ. ಒಂದೇ ಪರದೆ, ಕುಳಿತರೆ ಏಳಲು ಮನಸ್ಸಾಗದ ಹಳೆಯ ಸೋಫಾಗಳು, ಬಾಗಿಲ ಪಕ್ಕದಲ್ಲೇ ಕಾಫಿಯೂ ವೈನೂ ಸಿಗುವ ಕೌಂಟರ್. ಕನ್ನಡ ಸಿನಿಮಾ ನೋಡಬೇಕೆಂದರೆ ಮಾತ್ರ ಊರಾಚೆಯ ಮಲ್ಟಿಪ್ಲೆಕ್ಸಿಗೇ ಡ್ರೈವ್ ಮಾಡಬೇಕು. ಒಂದು ದಿನ ಇಲ್ಲಿ ಕಾಫಿ ಕುಡಿಯುತ್ತ ಥಿಯೇಟರಿನ ಮ್ಯಾನೇಜರಮ್ಮನಿಗೆ ಬಾಯಿತಪ್ಪಿ, "ನೀವೇ ಒಂದು ಕನ್ನಡ ಸಿನಿಮಾ ಹಾಕಬಹುದಲ್ಲ?" ಎಂದುಬಿಟ್ಟೆ.

ಮ್ಯಾನೇಜರಮ್ಮ ಒಪ್ಪಿದರು. ಒಂದು ಭಾನುವಾರ ಮಧ್ಯಾಹ್ನ ಹಾಕಿ ನೋಡೋಣ. ಜನ ಬಂದು ಕೌಂಟರಿಗೂ ವ್ಯಾಪಾರವಾದರೆ ತಿಂಗಳಿಗೊಂದು, ಇಲ್ಲದಿದ್ದರೆ ಇದೇ ಕೊನೆ ಎಂದರು. ಯಾರಾದರೂ 'ಆಗುವುದಿಲ್ಲ' ಎಂದರೆ ನೆಮ್ಮದಿಯಾಗಿರುವ ಮನುಷ್ಯ ನಾನು. 'ಆಗಲಿ' ಎಂದರೇ ನಿದ್ದೆ ಕೆಡುವುದು.

ಆ ಭಾನುವಾರ ಬೇಗನೆ ಹೋಗಿ ಬಾಗಿಲಲ್ಲಿ ನಿಂತೆ. ಬರುತ್ತೇವೆಂದವರು ಯಾರೂ ಕಾಣಲಿಲ್ಲ.

"ಹಂಗ ಬಾಗಲಾಗ ನಿಂತು ಹಣಿಕಿ ಹಾಕಬ್ಯಾಡ್ರಿ," ಎಂದಳು ಹೆಂಡತಿ. "ಬರೋರೂ ಹೊಳ್ಳಿ ಹೋಗ್ತಾರ."

"ಯಾರೂ ಬರಲಿಲ್ಲಂದ್ರ?"

"ಬಂದ್ರೂ ಚಿಂತಿ ಮಾಡವ್ರ ನೀವು. ಒಳಗ ನಡೀರಿ."

ಬಂದರು. ಜಾಹೀರಾತು ಮುಗಿಯುವ ಹೊತ್ತಿಗೆ, ಕತ್ತಲಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ, ಎಲ್ಲರೂ ಬಂದರು. ನಾನು ಪರದೆಯನ್ನು ಬಿಟ್ಟು ಅವರ ಮುಖಗಳನ್ನೇ ನೋಡುತ್ತ ಕುಳಿತೆ. ಆ ಅಂಕಲ್ ಆಕಳಿಸಿದರೇ? ಈ ಹುಡುಗಿ ಫೋನ್ ತೆಗೆದಳೇ?

ಅಷ್ಟರಲ್ಲಿ ಪರದೆಯ ಮೇಲೆ 'ಮಧ್ಯಂತರ' ಎಂದು ಬಂತು. ಈ ದೇಶದಲ್ಲಿ ಸಿನಿಮಾ ಶುರುವಾದರೆ ಮುಗಿಯುವವರೆಗೂ ನಿಲ್ಲುವುದಿಲ್ಲ. ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕೆಂದು ಕೂಡ ಯೋಚಿಸಿದ್ದ ನಾನು, ಮ್ಯಾನೇಜರಮ್ಮನಿಗೆ ಇಂಟರ್ವಲ್ ವಿಷಯ ಹೇಳುವುದನ್ನೇ ಮರೆತಿದ್ದೆ. ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಬಂದಿದ್ದ ಆಂಟಿಯೊಬ್ಬರು ಸೆರಗು ಸರಿಮಾಡಿಕೊಂಡು ಎದ್ದರು. "ನಡೀರವಾ, ಚಾ ಕುಡದು ಬರೂಣು." ಅಷ್ಟೇ, ಸಾಲಿಗೆ ಸಾಲೇ ಎದ್ದಿತು. ಪರದೆಯ ಮೇಲೆ ಮುಂದಿನ ಹೊಡೆದಾಟ ಖಾಲಿ ಸೋಫಾಗಳ ಮುಂದೆ ನಡೆಯತೊಡಗಿತು.

ನಾನು ಹಿಂದೆ ಓಡಿದೆ. "ಆಂಟಿ, ಇಲ್ಲೆ ಇಂಟರ್ವಲ್ ಇರಂಗಿಲ್ರಿ! ಪಿಕ್ಚರ್ ನಡದೈತಿ!"

"ಇರಂಗಿಲ್ಲಂದ್ರ? ಅಷ್ಟು ದೊಡ್ಡದಾಗಿ ಬರದಾರಲ್ಲೋ ತಮ್ಮಾ. ಓದಾಕ ಬರತೈತಿ ನನಗ."

ಇನ್ನೂ ಕುಳಿತೇ ಇದ್ದ ಬೆಂಗಳೂರಿನ ಹುಡುಗನೊಬ್ಬ, "ಸರ್, ಹೆಂಗೂ ಎದ್ದಿದೀರಲ್ಲ, ನನಗೂ ಒಂದು ಕಾಫಿ ಹೇಳಿಬಿಡಿ," ಎಂದ.

ಕೌಂಟರಿನ ಹಿಂದಿನಿಂದ ಮ್ಯಾನೇಜರಮ್ಮ ಗಾಬರಿಯಿಂದ ಬಂದರು. "ಎಲ್ಲರೂ ಎದ್ದು ಬಂದರಲ್ಲ! ಸಿನಿಮಾ ಅಷ್ಟು ಕೆಟ್ಟದಾಗಿದೆಯೇ?"

ಮುಗಿಯಿತು ಎಂದುಕೊಂಡೆ. ತಡವರಿಸುತ್ತ ವಿವರಿಸಿದೆ.

"ಅಂದರೆ ಅರ್ಧಕ್ಕೆ ಎದ್ದು ಬಂದು ತಿನ್ನುವುದು ಪದ್ಧತಿಯೇ? ಪ್ರತಿ ಸಿನಿಮಾಕ್ಕೂ?"

"ಪ್ರತಿ ಸಿನಿಮಾಕ್ಕೂ."

ಅವರು ಬಾಗಿಲಾಚೆಗೂ ಬೆಳೆದಿದ್ದ ಸಾಲನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಸಿನಿಮಾ ನಿಲ್ಲಿಸಿ ಬಂದರು. ಕೇಕ್ ಖಾಲಿಯಾಯಿತು, ಪಾಪ್‌ಕಾರ್ನ್ ಯಂತ್ರ ಮತ್ತೆ ಚಾಲೂ ಆಯಿತು. ಆಂಟಿ ಚಹಾಕ್ಕೆ ಸಕ್ಕರೆ ಸಾಲದೆಂದು ಎರಡು ಸಲ ವಾಪಸ್ ಬಂದರು.

ಜನ ಒಳಗೆ ಹೋಗುವಾಗ ಮ್ಯಾನೇಜರಮ್ಮ ಕೈ ಒರೆಸಿಕೊಳ್ಳುತ್ತ ಹೇಳಿದರು: "ಮುಂದಿನ ತಿಂಗಳ ಸಿನಿಮಾದಲ್ಲಿ ಈ ಇಂಟರ್ವಲ್ ಎಷ್ಟೊತ್ತಿಗೆ ಬರುತ್ತದೆಂದು ಮೊದಲೇ ತಿಳಿಸಿ. ಕೌಂಟರಿಗೆ ಇನ್ನೊಬ್ಬರನ್ನು ಕರೆಸಬೇಕು."

ಹೆಂಡತಿಯ ಪಕ್ಕ ಕುಳಿತು, "ಮುಂದಿನ ತಿಂಗಳಾನೂ ಐತಂತ," ಎಂದೆ.

"ಚಲೋ ಆತು. ಈಗರ ಪಿಕ್ಚರ್ ನೋಡ್ರಿ."

ನೋಡಿದೆ. ನಾಯಕ ಯಾರು, ಅವನು ಯಾರನ್ನು ಹುಡುಕುತ್ತಿದ್ದಾನೆ ಎಂಬುದನ್ನು ಅವಳನ್ನೇ ಕೇಳಿ ತಿಳಿದುಕೊಳ್ಳಬೇಕಾಯಿತು.