ದವಡೆಯಲ್ಲಿ ಉಳಿದ ಔಷಧ

ಎರಡನೆಯ ಮಹಾಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು. ವಡಗಾವಿಯ ನಮ್ಮ ಮನೆಯಲ್ಲಿ ಅತ್ತೆಗೆ ಹೊತ್ತಲ್ಲದ ಹೊತ್ತಿಗೆ ಎದೆ ಉರಿಯುತ್ತಿತ್ತು. ಹತ್ತು ವರ್ಷ ಕಾದ ಮೇಲೆ ಅವರ ಹಿರಿಯ ಸೊಸೆ, ನನ್ನ ಓರಗಿತ್ತಿ, ಖಾನಾಪುರದ ತವರಿನಲ್ಲಿ ಹೆತ್ತಿದ್ದಳು. ಆ ವಾರವೇ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಉರಿ ಹೃದಯದ್ದಾದರೆ ರೈಲು ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಡಾಕ್ಟರು ದಂಡಿನಲ್ಲಿದ್ದು ಬಂದವರು. ಹಲ್ಲು ಕೀಳುವಾಗ ವಸಡಿಗೆ ಜೋಮು ಹಿಡಿಸುವಂಥ ಔಷಧವನ್ನು ಎದೆಯುರಿಯವರಿಗೆ ಕುಡಿಸಿ ನೋಡುವ ಸಂಶೋಧನೆಯಲ್ಲಿ ಮುಳುಗಿದ್ದರು.

"ಇದು ಇಳದ ಮ್ಯಾಲೆ ಉರಿ ನಿಂತ್ರ, ಬ್ಯಾನಿ ಅನ್ನನಾಳದಾಗ ಇರಬೇಕು. ಉರಿ ಎದ್ದಾಗ ಒಂದು ಚಮಚ ಕೊಡ್ರಿ, ಗಡಿಯಾರ ನೋಡಿ ಬರೀರಿ."

ಬರೆಯುವುದೆಂದರೆ ನನಗೆ ಹಬ್ಬ. ಹಾಲು ಉಕ್ಕಿದ ಹೊತ್ತನ್ನೂ ವಹಿಯಲ್ಲಿ ಬರೆದಿಡುವವಳು ನಾನು.

ಮರುದಿನ ಬೆಳಿಗ್ಗೆ ಅತ್ತೆ ಲಿಂಗಪೂಜೆಗೆ ಕುಳಿತಾಗಲೇ ಉರಿ ಎದ್ದಿತು. ಓಡಿ ಹೋಗಿ ಬಾಯಿಗೆ ಚಮಚ ಹಿಡಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಉರಿ ಹಾಗೆಯೇ ಇತ್ತು. ಕಂಡದ್ದನ್ನೆಲ್ಲ ಬರೆದೆ.

ಮಧ್ಯಾಹ್ನ ವಹಿ ಓದಿದ ಡಾಕ್ಟರ ಮುಖ ಸಣ್ಣದಾಯಿತು. "ಹಂಗಾರ ಖಾನಾಪುರ ಬ್ಯಾಡ್ರಿ, ಅವ್ವಾರ." ಅತ್ತೆ ಗೋಡೆಯ ಕಡೆ ತಿರುಗಿದರು. ಡಾಕ್ಟರ ಬೆರಳು ಮಾತ್ರ ನನ್ನ ಕೊನೆಯ ಸಾಲಿನ ಮೇಲೆ ನಿಂತಿತ್ತು: ಮಂತ್ರ ತೊದಲಿತು, ಪೂಜೆಯಾದ ಮೇಲೆ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದರು.

"ಅವ್ವಾರ, ಔಷಧ ನುಂಗಿದ್ರಿ ಹೌದಲ್ರಿ?"

"ಪೂಜಿ ಆಗೂಕಿಂತ ಮೊದಲ ನುಂಗೂದ? ಏನಂತ ತಿಳಕೊಂಡೀರಿ ನನ್ನ? ಸೊಸಿ ಬಾಯಾಗ ತುರುಕಿದ್ಲು, ದವಡ್ಯಾಗ ಇಟ್ಕೊಂಡಿದ್ದೆ. ಆಮ್ಯಾಲ ಉಗುಳಿದೆ."

"ಅತ್ತಿ, ನನಗರ ಹೇಳಬಾರದ?"

"ಹೆಂಗ ಹೇಳ್ಲಿ? ನಾಲಿಗಿ ನನ್ನ ಮಾತು ಕೇಳ್ತಿದ್ದಿಲ್ಲ."

ಉರಿ ಮತ್ತೆ ಎದ್ದರೆ ಕಣ್ಣೆದುರೇ ನೋಡೋಣವೆಂದು ಡಾಕ್ಟರು ನಕ್ಕು ಕೋಟು ಕಳಚಿ ಕುಳಿತೇಬಿಟ್ಟರು. ಅತ್ತೆಗೆ ರೊಟ್ಟಿ, ಕೆಂಪು ಚಟ್ನಿ ಬಡಿಸಿದೆ. ಉಂಡು ಅರ್ಧ ತಾಸಿಗೆ ಉರಿ ಎದ್ದಿತು. ಈ ಸಲ ಔಷಧ ಗಂಟಲಲ್ಲಿ ಇಳಿದದ್ದನ್ನು ಮೂವರೂ ಖಾತ್ರಿ ಮಾಡಿಕೊಂಡೆವು. ಎರಡು ನಿಮಿಷ. ಮೂರು. ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅತ್ತೆ ಎದೆ ಸವರಿಕೊಂಡರು.

"ಎಲ್ಲಿ ಹೋತು ಅದು?" ಎಂದು ಕಳೆದ ಸಾಮಾನು ಹುಡುಕುವವರಂತೆ ಕೇಳಿದರು.

ಡಾಕ್ಟರು ಮತ್ತೊಮ್ಮೆ ನಾಡಿ ಹಿಡಿದು, ಎದೆಗೆ ನಳಿಗೆ ಹಚ್ಚಿ ಕೇಳಿದರು. "ಇದೊಂದರ ಮ್ಯಾಲೆ ಪೂರಾ ಹೇಳಾಕ ಬರಂಗಿಲ್ಲ. ಆದ್ರ ಗುಂಡಿಗಿ ಸಪ್ಪಳಾನೂ ಚೊಲೋ ಐತಿ. ಹೋಗಿ ಬರ್ರಿ, ಚಟ್ನಿ ಮಾತ್ರ ಮುಟ್ಟಬ್ಯಾಡ್ರಿ."

ಎಷ್ಟು ನಿಮಿಷಕ್ಕೆ ನಿಂತಿತು ಎಂದು ಅವರು ಕೇಳಿದಾಗ ನನ್ನ ವಹಿಯ ಆ ಪುಟ ಖಾಲಿ ಇತ್ತು. ಅತ್ತೆಯೇ ತೊದಲುತ್ತ ಹೇಳಿದರು: "ಐದಂತ ಬರಿ. ಹಂಗ ಖಾನಾಪುರದ ಗಾಡಿ ಎಷ್ಟಕ್ಕೈತಿ, ಅದನ್ನೂ ಕೇಳಿ ಬರಿ."